ಎಲ್ಲಿ ನಿಲ್ಲಬೇಕು? ಬೇಸ್‌ಬಾಲ್ ಮೈದಾನದಲ್ಲಿ ಕ್ಯಾಮೆರಾ ಹಿಡಿದವರ ಕೆಲಸ

(ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರ ವಾರಾಂತ್ಯದ ಮಾತುಕತೆಯೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಹೊಂದುವಂತೆ ತಿದ್ದಿ ಬರೆದದ್ದು.)

ಎಲ್ಲರಿಗೂ ನಮಸ್ಕಾರ. ನಾನು ಬೇಸ್‌ಬಾಲ್ ಪಂದ್ಯಗಳ ಫೋಟೊ ತೆಗೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಯಾವ ಕ್ಯಾಮೆರಾ, ಎಷ್ಟು ದೊಡ್ಡ ಲೆನ್ಸ್ ಅಂತ. ಅದಕ್ಕೂ ಉತ್ತರ ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಆದರೆ ಇವತ್ತು ಹೆಚ್ಚು ಹೊತ್ತು ಮಾತಾಡಬೇಕು ಅಂದುಕೊಂಡಿರುವುದು ಬೇರೊಂದು ಪ್ರಶ್ನೆಯ ಬಗ್ಗೆ: ಫೋಟೊಗ್ರಾಫರ್ ಎಲ್ಲಿ ನಿಂತಿದ್ದ, ಅಲ್ಲೇ ಯಾಕೆ ನಿಂತ? ಈ ಆಟದಲ್ಲಿ ತಲೆಮಾರು ದಾಟಿ ಉಳಿದಿರುವ ಚಿತ್ರಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಅರ್ಧ ಕೆಲಸ ಶಟರ್ ಒತ್ತುವ ಮೊದಲೇ ಮುಗಿದಿರುವುದು ಕಾಣುತ್ತದೆ.

ಆಟ ಗೊತ್ತಿಲ್ಲದವರಿಗಾಗಿ ಮೊದಲು ಮೈದಾನದ ಪರಿಚಯ. ಚೆಂಡು ಎಸೆಯುವ ಪಿಚರ್ ನಿಲ್ಲುವ ದಿಬ್ಬದಿಂದ, ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟಿಗೆ 60 ಅಡಿ 6 ಇಂಚು. ಕ್ರಿಕೆಟ್ ಪಿಚ್ 66 ಅಡಿ ಇರುತ್ತದಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ. ಚೆಂಡು ನೆಲ ಮುಟ್ಟದೆ ನೇರವಾಗಿ ಬರುತ್ತದೆ. ಹೋಮ್ ಪ್ಲೇಟಿನಿಂದ ಹೊರಟರೆ ಮೊದಲ ಬೇಸ್, ಎರಡನೇ ಬೇಸ್, ಮೂರನೇ ಬೇಸ್, ಮತ್ತೆ ಹೋಮ್. 90 ಅಡಿ ಬದಿಯ ಚೌಕ. ಬ್ಯಾಟರ್‌ನ ಹಿಂದೆ ಕುಳಿತು ನೋಡುವವರಿಗೆ ಮೊದಲ ಬೇಸ್ ಬಲಕ್ಕೆ, ಮೂರನೇ ಬೇಸ್ ಎಡಕ್ಕೆ. ಈ ಎಡಬಲವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಎರಡೂ ಬದಿಯಲ್ಲಿ ತಂಡಗಳು ಕೂರುವ ಡಗೌಟ್ ಇರುತ್ತದೆ. ಅದರ ಪಕ್ಕದಲ್ಲೇ ಫೋಟೊಗ್ರಾಫರ್‌ಗಳಿಗೆಂದು ಒಂದು ಇಕ್ಕಟ್ಟಾದ ಜಾಗ, ಫೋಟೊ ವೆಲ್. ಮೈದಾನಕ್ಕಿಂತ ತಗ್ಗು, ಮುಂದೆ ಮೆತ್ತೆ ಕಟ್ಟಿದ ಗೋಡೆ. ಕ್ರಿಕೆಟ್‌ನಲ್ಲಿ ನಾವು ಬೌಂಡರಿಯಾಚೆ, ಬ್ಯಾಟರ್‌ನಿಂದ 60–70 ಮೀಟರ್ ದೂರದಲ್ಲಿ ಕೂರುತ್ತೇವೆ. ದೂರ ಹೆಚ್ಚು ನಿಜ, ಆದರೆ ಮೈದಾನದ ಸುತ್ತ ಬೇಕಾದ ಕಡೆಗೆ ಹೋಗಬಹುದು. ಬೇಸ್‌ಬಾಲ್‌ನಲ್ಲಿ ಅದರ ಅರ್ಧದಷ್ಟು ದೂರವೂ ಇಲ್ಲ, ಪಿಚರ್‌ನ ಹಣೆಯ ಬೆವರು ಕಾಣುತ್ತದೆ. ಆದರೆ ಒಂದು ಬದಿ ಆರಿಸಿಕೊಂಡಿರೋ, ಇನ್ನೊಂದು ಬದಿಯಿಂದ ಮಾತ್ರ ಕಾಣುವಂಥದ್ದೆಲ್ಲ ಕೈಬಿಟ್ಟ ಹಾಗೆಯೇ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಅವುಗಳ ನಡುವೆ ಜಾಗ ಬದಲಿಸಬಹುದು. ಆಟ ನಡೆಯುವಾಗ ಆಗದು.

1948ರ ಜೂನ್ 13ರ ಒಂದು ಚಿತ್ರದ ಬಗ್ಗೆ ಹೇಳುತ್ತೇನೆ. ನ್ಯೂಯಾರ್ಕ್‌ನ ಯಾಂಕಿ ಸ್ಟೇಡಿಯಂಗೆ 25 ವರ್ಷ ತುಂಬಿದ ಸಮಾರಂಭ. ಬೇಬ್ ರೂತ್ ಧರಿಸುತ್ತಿದ್ದ 3ನೇ ನಂಬರನ್ನು ಇನ್ನು ಮುಂದೆ ಯಾರಿಗೂ ಕೊಡುವುದಿಲ್ಲ ಎಂದು ಸಾರುವ ದಿನವೂ ಅದೇ. ರೂತ್‌ಗೆ ಕ್ಯಾನ್ಸರ್, ನಿಲ್ಲಲು ಆಸರೆಯಾಗಿ ಒಂದು ಬ್ಯಾಟನ್ನು ಊರಿಕೊಂಡು ಮೈದಾನಕ್ಕೆ ಬಂದರು. ಪತ್ರಿಕೆಗಳ ಫೋಟೊಗ್ರಾಫರ್‌ಗಳೆಲ್ಲ ಅವರ ಎದುರು ಸಾಲುಗಟ್ಟಿದರು. ಅದು ಸಹಜವೇ. ಅಷ್ಟು ದೊಡ್ಡ ಆಟಗಾರ, ಅಷ್ಟು ಇಳಿದುಹೋದ ಮುಖ, ಯಾವ ಸಂಪಾದಕನಾದರೂ ಮುಖವನ್ನೇ ಕೇಳುತ್ತಾನೆ.

ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನ ನ್ಯಾಟ್ ಫೈನ್ ಕ್ರೀಡಾ ಫೋಟೊಗ್ರಾಫರ್ ಅಲ್ಲ. ಜನಜೀವನದ ಚಿತ್ರಗಳೇ ಅವರ ನಿತ್ಯದ ಕೆಲಸ. ಆ ದಿನ ಹೋಗಬೇಕಾಗಿದ್ದವರು ಬರಲಾಗದ್ದರಿಂದ ಇವರನ್ನು ಕಳಿಸಿದ್ದರು. ಅವರೂ ಎದುರಿನಿಂದ ತೆಗೆದರು, ಆಮೇಲೆ ಸುತ್ತಿಕೊಂಡು ರೂತ್‌ರ ಬೆನ್ನ ಹಿಂದೆ ಹೋದರು. ಆ ದಿನದ ವಿಷಯವೇ ನಂಬರು. ನಂಬರು ಇರುವುದು ಬೆನ್ನ ಮೇಲೆ. ಫ್ಲ್ಯಾಶ್ ಹಾಕದೆ, ಇದ್ದ ಬೆಳಕಿನಲ್ಲೇ ತೆಗೆದ ಆ ಚಿತ್ರದಲ್ಲಿ ರೂತ್‌ರ ಮುಖ ಕಾಣುವುದಿಲ್ಲ. ಸ್ವಲ್ಪ ಬಾಗಿದ ಬೆನ್ನು, ಅದರ ಮೇಲೆ 3, ಕೈಯಲ್ಲಿ ಟೋಪಿ, ಊರಿದ ಬ್ಯಾಟು, ಮುಂದೆ ತುಂಬಿದ ಸ್ಟೇಡಿಯಂ. ಇಡೀ ಸ್ಟೇಡಿಯಂ ಆ ಮುಖವನ್ನು ನೋಡುತ್ತಿದೆ, ನಾವು ಮಾತ್ರ ಅವರು ನೋಡುತ್ತಿರುವುದನ್ನು ನೋಡುತ್ತಿದ್ದೇವೆ. ಎರಡು ತಿಂಗಳಾದ ಮೇಲೆ, ಆಗಸ್ಟ್ 16ಕ್ಕೆ, ರೂತ್ ತೀರಿಕೊಂಡರು. 1949ರಲ್ಲಿ ಈ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಫೈನ್ ಹಿಡಿದಿದ್ದ ಸ್ಪೀಡ್ ಗ್ರಾಫಿಕ್ ಆ ಕಾಲದ ಪತ್ರಿಕಾ ಫೋಟೊಗ್ರಾಫರ್‌ಗಳೆಲ್ಲ ಬಳಸುತ್ತಿದ್ದ ಕ್ಯಾಮೆರಾ. ಅವತ್ತು ಅವರು ಬೇರೆಯವರಿಗಿಂತ ಹೆಚ್ಚಾಗಿ ಮಾಡಿದ್ದು ಒಂದಷ್ಟು ಹೆಜ್ಜೆ ನಡೆದದ್ದು.

ಈಗ ಆಟ ನಡೆಯುತ್ತಿರುವಾಗಿನ ಫೋಟೊಗೆ ಬರೋಣ. ಗಂಟೆಗೆ 95 ಮೈಲಿ ವೇಗದ ಎಸೆತ ಪ್ಲೇಟಿಗೆ ತಲುಪಲು ಬೇಕಾಗುವುದು ಸುಮಾರು 0.4 ಸೆಕೆಂಡು. ಅಂದರೆ ಸೆಕೆಂಡಿಗೆ 42 ಮೀಟರ್‌ಗಿಂತ ಹೆಚ್ಚು. ಶಟರ್ ಸ್ಪೀಡ್ 1/2000 ಇಟ್ಟರೂ ಅಷ್ಟರೊಳಗೆ ಚೆಂಡು 2 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬ್ಯಾಟಿಗೂ ಚೆಂಡಿಗೂ ಸಂಪರ್ಕ ಇರುವುದು ಹೆಚ್ಚೆಂದರೆ ಒಂದು ಮಿಲಿಸೆಕೆಂಡು. ಮನುಷ್ಯ ನೋಡಿ, ಅರ್ಥ ಮಾಡಿಕೊಂಡು, ಬೆರಳು ಒತ್ತುವಷ್ಟರಲ್ಲಿ 0.2 ಸೆಕೆಂಡು ಕಳೆದಿರುತ್ತದೆ. ಬ್ಯಾಟು ಚೆಂಡಿಗೆ ತಾಗಿದ್ದು ಕಂಡ ಮೇಲೆ ಒತ್ತಿದರೆ ಸಿಗುವುದು ಬ್ಯಾಟು ಹೆಗಲ ಹಿಂದೆ ಹೋಗಿರುವ, ಚೆಂಡೇ ಇಲ್ಲದ ಚಿತ್ರ. ಅದಕ್ಕೇ ಪಿಚರ್‌ನ ಕೈಯಿಂದ ಚೆಂಡು ಬಿಡುತ್ತಿದ್ದಂತೆಯೇ ಒತ್ತಲು ಶುರು ಮಾಡುತ್ತೇವೆ. ಬ್ಯಾಟರ್ ಬೀಸದೆ ಬಿಟ್ಟರೆ ಅಷ್ಟೂ ಫ್ರೇಮ್ ಕಸ.

ಸೆಕೆಂಡಿಗೆ 20 ಫ್ರೇಮ್ ತೆಗೆಯುವ ಕ್ಯಾಮೆರಾ ಇದ್ದರೆ ಸಾಕಲ್ಲ ಅಂತ ನಿಮಗನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಫ್ರೇಮಿಗೂ ಫ್ರೇಮಿಗೂ ನಡುವೆ 50 ಮಿಲಿಸೆಕೆಂಡು ಅಂತರ, ಆ ಅಂತರದಲ್ಲಿ ಚೆಂಡು 2 ಮೀಟರ್ ದಾಟಿರುತ್ತದೆ. ಒಂದು ಮಿಲಿಸೆಕೆಂಡಿನ ಸಂಪರ್ಕ ಒಂದು ಫ್ರೇಮಿಗೆ ಸರಿಯಾಗಿ ಸಿಗುವುದು ಸುಮಾರು 50 ಹೊಡೆತಕ್ಕೆ ಒಂದು ಸಲ. ಸಿಕ್ಕಾಗ ಮಾತ್ರ ಅದನ್ನು ದೊಡ್ಡದು ಮಾಡಿ ನೋಡಬೇಕು. ಚೆಂಡು ಬ್ಯಾಟಿಗೆ ಒತ್ತಿ ಒಂದು ಬದಿ ಚಪ್ಪಟೆಯಾಗಿರುತ್ತದೆ, ಕೆಂಪು ಹೊಲಿಗೆ ಒಂದು ಕಡೆ ಬಿಗಿದು ಇನ್ನೊಂದು ಕಡೆ ಉಬ್ಬಿರುತ್ತದೆ. ಮುಂಗೈಯ ನರಗಳೆಲ್ಲ ಎದ್ದಿರುತ್ತವೆ. ಬ್ಯಾಟರ್‌ನ ಕಣ್ಣು ಇನ್ನೂ ಆ ಜಾಗದಲ್ಲೇ ನೆಟ್ಟಿರುತ್ತದೆ, ತಲೆ ಎತ್ತಿರುವುದಿಲ್ಲ. ಬರಿಗಣ್ಣಿಗೆ ಎಂದೂ ಕಾಣದ್ದು ಅದು, ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಎಡಬಲದ ವಿಷಯ ನೆನಪಿಡಿ ಅಂದಿದ್ದೆ. ಬಲಗೈ ಬ್ಯಾಟರ್ ಪ್ಲೇಟಿನ ಎಡಕ್ಕೆ, ಮೂರನೇ ಬೇಸ್ ಬದಿಗೆ ನಿಲ್ಲುತ್ತಾನೆ, ಅವನ ಎದೆ ತಿರುಗಿರುವುದು ಮೊದಲ ಬೇಸ್ ಕಡೆಗೆ. ಆದ್ದರಿಂದ ಅವನ ಹೊಡೆತ ಬೇಕಾದವರು ಮೊದಲ ಬೇಸ್ ಬದಿಯ ಫೋಟೊ ವೆಲ್‌ಗೆ ಹೋಗಬೇಕು. ಎಡಗೈ ಬ್ಯಾಟರ್ ಆದರೆ ಪೂರ್ತಿ ತಿರುಗುಮುರುಗು. ಬಲಗೈ ಪಿಚರ್ ಕಾಲೆತ್ತಿ ನಿಂತಾಗ ಎದೆ ಮೂರನೇ ಬೇಸ್ ಕಡೆಗಿರುತ್ತದೆ. ಚೆಂಡು ಬಿಟ್ಟ ಮೇಲೆ ಮೈಭಾರವೆಲ್ಲ ಮೊದಲ ಬೇಸ್ ಕಡೆಗೆ ವಾಲುತ್ತದೆ. ಎರಡನೇ ಬೇಸಿನಲ್ಲಿ ಡಬಲ್ ಪ್ಲೇ, ಅಂದರೆ ಒಂದೇ ಹೊಡೆತಕ್ಕೆ ಇಬ್ಬರು ಔಟ್, ಆಗುವಾಗ ಫೀಲ್ಡರ್ ಜಿಗಿದು ಮೊದಲ ಬೇಸಿಗೆ ಎಸೆಯುತ್ತಾನೆ, ಕಾಲ ಕೆಳಗೆ ಓಟಗಾರ ಜಾರಿ ಬರುತ್ತಿರುತ್ತಾನೆ. ಅದು ಮುಖಾಮುಖಿ ಸಿಗುವುದು ಮೊದಲ ಬೇಸ್ ಬದಿಯಿಂದ. ಮೂರನೇ ಬೇಸಿನಿಂದ ಹೋಮ್‌ಗೆ ನುಗ್ಗುವವನ ಮುಖವೂ ಅಲ್ಲಿಂದಲೇ ಚೆನ್ನಾಗಿ ಕಾಣುವುದು. ಪಂದ್ಯಕ್ಕೆ ಮೊದಲು ಎರಡೂ ತಂಡದ ಆಟಗಾರರ ಪಟ್ಟಿ ಕೈಗೆ ಬಂದಾಗ ನಾನು ನೋಡುವುದು ಯಾರು ಎಡಗೈ, ಯಾರು ಬಲಗೈ, ಯಾವ ಕ್ರಮದಲ್ಲಿ ಬರುತ್ತಾರೆ ಎಂಬುದನ್ನೇ.

ಶೊಹೇ ಒಟಾನಿಯನ್ನೇ ತೆಗೆದುಕೊಳ್ಳಿ. ಪಿಚ್ ಮಾಡುವುದು ಬಲಗೈಯಲ್ಲಿ, ಬ್ಯಾಟ್ ಮಾಡುವುದು ಎಡಗಡೆಯಿಂದ. ಕಾಲೆತ್ತಿದಾಗಲೂ ಎದೆ ಮೂರನೇ ಬೇಸ್ ಕಡೆಗೆ, ಬ್ಯಾಟ್ ಹಿಡಿದಾಗಲೂ ಅದೇ ಕಡೆಗೆ. ಹಾಗಾದರೆ ಮೂರನೇ ಬೇಸ್ ಬದಿಯಲ್ಲಿ ಕೂತುಬಿಟ್ಟರೆ ಆಯಿತು ಅನ್ನಿಸುತ್ತದೆ. ತೊಡಕು ಇರುವುದು ಇಲ್ಲಿ: ಲಾಸ್ ಏಂಜಲಿಸ್‌ನ ಡಾಜರ್ ಸ್ಟೇಡಿಯಂನಲ್ಲಿ ಒಟಾನಿಯ ತಂಡವಾದ ಡಾಜರ್ಸ್‌ನ ಡಗೌಟ್ ಇರುವುದೂ ಮೂರನೇ ಬೇಸ್ ಬದಿಯಲ್ಲೇ. ಒಟಾನಿ ಹೋಮ್ ರನ್ ಹೊಡೆದಾಗ ಕಂಬಿಗೆ ಜೋತುಬಿದ್ದು ಕೂಗುವ ಸಹ ಆಟಗಾರರು, ತಲೆಯ ಮೇಲೆ ಕೈಯಿಟ್ಟುಕೊಂಡ ಕೋಚು, ಹಿಂದಿನ ಸಾಲಿನಿಂದ ಜಿಗಿದೆದ್ದ ಪ್ರೇಕ್ಷಕರು, ಇವರೆಲ್ಲ ನಿಮ್ಮ ಪಕ್ಕದಲ್ಲೇ ಇದ್ದರೂ ನಿಮಗೆ ಕಾಣುವುದಿಲ್ಲ. ಅವರು ಕಾಣಬೇಕಾದರೆ ಎದುರು ಬದಿಯಲ್ಲಿರಬೇಕು, ಅಲ್ಲಿಂದ ಒಟಾನಿಯ ಹೊಡೆತದಲ್ಲಿ ಬೆನ್ನು ಮಾತ್ರ. ದೊಡ್ಡ ಸಂಸ್ಥೆಗಳು ಎರಡೂ ಬದಿಗೆ ಒಬ್ಬೊಬ್ಬರನ್ನು ಕೂರಿಸುತ್ತವೆ. ಒಬ್ಬರೇ ಹೋದವರು ಒಂದನ್ನು ಬಿಡಲೇಬೇಕು.

ನನ್ನ ಮಟ್ಟಿಗೆ ಹೇಳುವುದಾದರೆ, ಮೊದಲ ಕೆಲವು ಇನಿಂಗ್ಸ್ ಹೊಡೆತದ ಕಡೆ ಕೂರುತ್ತೇನೆ, ಏಳನೆಯ ಇನಿಂಗ್ಸ್ ದಾಟಿದ ಮೇಲೆ ಡಗೌಟ್ ಕಾಣುವ ಕಡೆಗೆ ಹೋಗುತ್ತೇನೆ. ಮೂರನೇ ಇನಿಂಗ್ಸಿನ ಹೊಡೆತಕ್ಕೂ ಒಂಬತ್ತನೆಯದರ ಹೊಡೆತಕ್ಕೂ ಚಿತ್ರದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಅದನ್ನು ನೋಡುವವರ ಮುಖದಲ್ಲಿ ಮಾತ್ರ ಅಜಗಜಾಂತರ. ಈ ಮಾತನ್ನು ಒಪ್ಪದ ಒಳ್ಳೆಯ ಫೋಟೊಗ್ರಾಫರ್‌ಗಳಿದ್ದಾರೆ. ಕೊನೆಯ ಹೊಡೆತ ಕೈತಪ್ಪಿದರೆ ಮರುದಿನದ ಮುಖಪುಟವೇ ಕೈತಪ್ಪುತ್ತದೆ ಎನ್ನುತ್ತಾರೆ. ಅದೂ ಸುಳ್ಳಲ್ಲ.

ಬೆಳಕಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹೋಮ್ ಪ್ಲೇಟಿನಿಂದ ಪಿಚರ್ ದಿಬ್ಬದ ಮೂಲಕ ಎರಡನೇ ಬೇಸಿಗೆ ಎಳೆದ ಗೆರೆ ಪೂರ್ವ–ಈಶಾನ್ಯಕ್ಕೆ ಮುಖ ಮಾಡಿದ್ದರೆ ಒಳ್ಳೆಯದು ಎಂದು ಆಟದ ನಿಯಮ ಪುಸ್ತಕವೇ ಹೇಳುತ್ತದೆ. ಸಂಜೆಯ ಸೂರ್ಯ ಬ್ಯಾಟರ್‌ನ ಕಣ್ಣಿಗೆ ಹೊಡೆಯಬಾರದಲ್ಲ, ಅದಕ್ಕೆ. ಇದರಿಂದ ಇಳಿಹೊತ್ತಿನಲ್ಲಿ ಹೋಮ್ ಪ್ಲೇಟಿನ ಹಿಂದಿನ ಸ್ಟ್ಯಾಂಡಿನ ನೆರಳು ಮೊದಲು ಬ್ಯಾಟರ್‌ನನ್ನು ಮುಚ್ಚಿ, ನಿಧಾನವಾಗಿ ಪಿಚರ್ ಕಡೆಗೆ ಹರಿದು ಹೋಗುತ್ತದೆ. ಒಂದು ಹೊತ್ತು ಪಿಚರ್ ಬಿಸಿಲಲ್ಲಿ, ಬ್ಯಾಟರ್ ನೆರಳಲ್ಲಿ. ಚೆಂಡು ಬಿಸಿಲಿನಿಂದ ನೆರಳಿಗೆ ನುಗ್ಗುತ್ತದೆ. ಬ್ಯಾಟರ್‌ಗಳು ಇದನ್ನು ಶಪಿಸುತ್ತಾರೆ. ನಮಗೂ ಕಷ್ಟವೇ, ಎರಡಕ್ಕೂ ಬೇರೆ ಬೇರೆ ಎಕ್ಸ್‌ಪೋಷರ್. ಕ್ಯಾಮೆರಾವನ್ನು ಮ್ಯಾನ್ಯುಯಲ್‌ನಲ್ಲಿಟ್ಟು ನೆರಳಿಗೊಂದು, ಬಿಸಿಲಿಗೊಂದು ಲೆಕ್ಕ ಹಿಡಿದುಕೊಂಡಿರುತ್ತೇವೆ. ಆದರೆ ನೆರಳಿನ ಗೆರೆ ದಿಬ್ಬದ ಮುಂದೆ ಬಂದು ನಿಂತ ಆ ಸ್ವಲ್ಪ ಹೊತ್ತಿನಲ್ಲಿ, ಹಿನ್ನೆಲೆಯೆಲ್ಲ ಕಪ್ಪಾಗಿ ಪಿಚರ್ ಒಬ್ಬನೇ ಹೊಳೆಯುವ ಚಿತ್ರ ಸಿಗುತ್ತದೆ. ರಾತ್ರಿ ಪಂದ್ಯದ ಎಲ್‌ಇಡಿ ದೀಪಗಳಲ್ಲಿ ಕೆಲಸ ಸುಲಭ. ಬೆಳಕು ಎಲ್ಲ ಕಡೆ ಒಂದೇ ಸಮ, ಹಾಗಾಗಿ ಚಿತ್ರಗಳೂ ಒಂದೇ ಥರ. ಮಧ್ಯಾಹ್ನದ ಪಂದ್ಯ ಅಂದರೆ ನನಗೆ ಈಗಲೂ ಹುರುಪು.

ಆಟದ ನಿಯಮ ಬದಲಾದರೆ ಚಿತ್ರಗಳೂ ಬದಲಾಗುತ್ತವೆ. 2023ರಲ್ಲಿ ಅಮೆರಿಕದ ಅತಿ ಮೇಲ್ಮಟ್ಟದ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್, ಬೇಸ್‌ಗಳ ಗಾತ್ರವನ್ನು 15 ಇಂಚಿನಿಂದ 18 ಇಂಚಿಗೆ ಹಿಗ್ಗಿಸಿತು, ಓಟಗಾರನನ್ನು ತಡೆಯಲು ಪಿಚರ್ ಎಷ್ಟು ಸಲ ದಿಬ್ಬ ಬಿಡಬಹುದು ಎಂಬುದಕ್ಕೂ ಮಿತಿ ಹಾಕಿತು. ಹೊಡೆತಕ್ಕೆ ಕಾಯದೆ ಓಟಗಾರ ಮುಂದಿನ ಬೇಸಿಗೆ ಓಡಿಬಿಡುವುದಕ್ಕೆ ಬೇಸ್ ಕದಿಯುವುದು ಅಂತೀವಲ್ಲ, 2022ರಲ್ಲಿ ಅಂಥವು 2,486; ಮರುವರ್ಷ 3,503. ಧೂಳೆಬ್ಬಿಸಿ ಎರಡನೇ ಬೇಸಿಗೆ ತಲೆಮುಂದಾಗಿ ಜಾರುವ ಚಿತ್ರ ನಮಗೆ ಮತ್ತೆ ಯಥೇಚ್ಛವಾಗಿ ಸಿಗತೊಡಗಿತು. ಅದೇ ವರ್ಷ ಪಿಚರ್‌ಗೆ ಗಡಿಯಾರ ಬಂತು, ಬೇಸ್ ಖಾಲಿಯಿದ್ದರೆ 15 ಸೆಕೆಂಡಿನಲ್ಲಿ ಎಸೆಯಬೇಕು. ಪಂದ್ಯ ಚುರುಕಾಯಿತು, ಪ್ರೇಕ್ಷಕರಿಗೆ ಖುಷಿ. ಎಸೆತಗಳ ನಡುವೆ ಚಿತ್ರ ಆರಿಸಿ ಕಳಿಸಿಬಿಡುತ್ತಿದ್ದ ನಮಗೆ ಆ ಬಿಡುವು ಹೋಯಿತು. ಇನ್ನೊಂದು ಸಣ್ಣ ನಷ್ಟವೂ ಇದೆ. ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್‌ಗಳು ಯಾವ ಎಸೆತ ಬೇಕೆಂದು ಬೆರಳಲ್ಲಿ ಸನ್ನೆ ಮಾಡುವಾಗ ಪಿಚರ್‌ಗೆ ಕಾಣಲಿ ಎಂದು ಉಗುರಿಗೆ ಗಾಢ ಬಣ್ಣ ಹಚ್ಚಿಕೊಳ್ಳುತ್ತಿದ್ದರು. 2022ರಿಂದ ಪಿಚ್‌ಕಾಮ್ ಎಂಬ ಗುಂಡಿ ಒತ್ತುವ ಸಾಧನ ಬಂದ ಮೇಲೆ ಸನ್ನೆ ಕಡಿಮೆಯಾಯಿತು. ತೊಡೆಗಳ ನಡುವಿನ ಕತ್ತಲಲ್ಲಿ ಹಳದಿ ಉಗುರಿನ ಬೆರಳುಗಳು ಕಾಣುವ ಚಿತ್ರ ಈಗ ಅಪರೂಪ.

ಹಳಬರ ಕೆಲಸ ಹೇಗಿತ್ತು ಅಂತ ಕೇಳುವವರಿಗೆ ನಾನು ಚಾರ್ಲ್ಸ್ ಕಾನ್ಲನ್ ಹೆಸರು ಹೇಳುತ್ತೇನೆ. ನ್ಯೂಯಾರ್ಕ್‌ನ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ; ಬಿಡುವಿನಲ್ಲಿ ಮೈದಾನಕ್ಕೆ ಹೋಗಿ 1904ರಿಂದ 1942ರವರೆಗೆ ಬೇಸ್‌ಬಾಲ್ ಆಟಗಾರರ ಚಿತ್ರ ತೆಗೆದರು. ಆಗ ಫೋಟೊಗ್ರಾಫರ್‌ಗಳು ಮೈದಾನದೊಳಗೇ ನಿಲ್ಲಬಹುದಿತ್ತು. ಗಾಜಿನ ಪ್ಲೇಟಿನ ಕ್ಯಾಮೆರಾ, ಒಂದು ಸಲ ಒತ್ತಿದರೆ ಒಂದೇ ಚಿತ್ರ. 1910ರಲ್ಲಿ ಟೈ ಕಾಬ್ ಮೂರನೇ ಬೇಸಿಗೆ ನುಗ್ಗಿ ಜಾರಿದಾಗ ಕಾನ್ಲನ್ ಬೇಸಿನ ಹತ್ತಿರವೇ ನಿಂತಿದ್ದರು. ಅಲ್ಲಿದ್ದ ಫೀಲ್ಡರ್ ಜಿಮ್ಮಿ ಆಸ್ಟಿನ್‌ಗೆ ಪೆಟ್ಟಾಯಿತೇನೋ ಎಂಬ ಗಾಬರಿಯಲ್ಲಿ, ತಾನು ಶಟರ್ ಒತ್ತಿದೆನೋ ಇಲ್ಲವೋ ಎಂಬುದೇ ಅವರಿಗೆ ತಿಳಿಯಲಿಲ್ಲ. ಯಾವುದಕ್ಕೂ ಇರಲಿ ಎಂದು ಪ್ಲೇಟ್ ಬದಲಿಸಿದರು. ತೊಳೆದು ನೋಡಿದರೆ ಎಲ್ಲವೂ ಅದರಲ್ಲಿತ್ತು: ಹಲ್ಲು ಕಚ್ಚಿದ ಕಾಬ್, ಆಯತಪ್ಪಿದ ಆಸ್ಟಿನ್, ಎದ್ದ ಮಣ್ಣು. ಇದನ್ನು ಅದೃಷ್ಟ ಎಂದು ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಆ ಜಾಗದಲ್ಲಿ ನಿಂತು ಓಟಗಾರರನ್ನು ನೋಡಿದ ಕೈಗೆ ತಲೆಯ ಅಪ್ಪಣೆ ಬೇಕಾಗಿರಲಿಲ್ಲ, ಅಷ್ಟೆ.

ಕಾನ್ಲನ್ ಪಿಚರ್‌ಗಳ ಕೈಯನ್ನಷ್ಟೇ ಹತ್ತಿರದಿಂದ ತೆಗೆದ ಚಿತ್ರಗಳೂ ಇವೆ. ಚೆಂಡು ಹಿಡಿದ ಬೆರಳುಗಳು, ಉಗುರು, ಚರ್ಮದ ಬಿರುಕು. ನೋಡಲು ಸಿಕ್ಕರೆ ಬಿಡಬೇಡಿ.

ಮುಂದೆ ಮೈದಾನದೊಳಗಿನಿಂದ ಫೋಟೊಗ್ರಾಫರ್‌ಗಳನ್ನು ಹೊರಗೆ ಕಳಿಸಿದರು. ದೂರದಿಂದ ತೆಗೆಯಲು ಬಿಗ್ ಬರ್ತಾ ಎಂಬ ಕ್ಯಾಮೆರಾ ಇತ್ತು, ಗ್ರಾಫ್ಲೆಕ್ಸ್‌ಗೆ ಉದ್ದನೆಯ ಕೊಳವೆಯಂಥ ಲೆನ್ಸ್ ಜೋಡಿಸಿದ್ದು. ಅದರ ಫೋಕಸ್ ಹಿಡಿಕೆಗೆ ಕಚ್ಚುಗಳಿದ್ದವು: ಮೊದಲ ಬೇಸಿಗೊಂದು, ಎರಡನೆಯದಕ್ಕೊಂದು, ಮೂರನೆಯದಕ್ಕೊಂದು, ಹೋಮ್ ಪ್ಲೇಟಿಗೊಂದು. ಓಟಗಾರ ಎಲ್ಲಿಗೆ ಹೋಗುತ್ತಾನೋ ಆ ಕಚ್ಚಿಗೆ ಹಿಡಿಕೆ ತಳ್ಳಿದರೆ ಫೋಕಸ್ ಸಿದ್ಧ. ಅಂದರೆ ಅವನು ಎಲ್ಲಿಗೆ ಹೋಗುತ್ತಾನೆಂದು ಮೊದಲೇ ತಿಳಿದಿರಬೇಕು. ಆಟ ಬರದವನ ಕೈಯಲ್ಲಿ ಆ ಯಂತ್ರ ಉಪಯೋಗಕ್ಕೆ ಬರುತ್ತಿರಲಿಲ್ಲ.

ಈಗ ಫೋಕಸ್ ಕೆಲಸವನ್ನು ಕ್ಯಾಮೆರಾವೇ ನೋಡಿಕೊಳ್ಳುತ್ತದೆ, ಹೆಲ್ಮೆಟ್ಟಿನ ಕೆಳಗಿನ ಕಣ್ಣನ್ನು ಹುಡುಕಿ ಹಿಡಿಯುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಂದ ಹೊಸದರಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು: ಬೀಸುತ್ತಿರುವ ಬ್ಯಾಟು ಚಿತ್ರದಲ್ಲಿ ಬಾಳೆಹಣ್ಣಿನಂತೆ ಬಾಗಿರುತ್ತಿತ್ತು. ಸೆನ್ಸರ್ ಚಿತ್ರವನ್ನು ಸಾಲು ಸಾಲಾಗಿ ಓದುವಷ್ಟರಲ್ಲಿ ಬ್ಯಾಟು ಮುಂದೆ ಸರಿದಿರುವುದೇ ಕಾರಣ. 2023ರ ಕೊನೆಗೆ ಸೋನಿ ಪ್ರಕಟಿಸಿದ ಎ9 3ನೇ ಮಾದರಿ ಇಡೀ ಸೆನ್ಸರನ್ನು ಒಟ್ಟಿಗೆ ಓದುತ್ತದೆ, ಸೆಕೆಂಡಿಗೆ 120 ಫ್ರೇಮ್. ಗುಂಡಿ ಒತ್ತುವ ಮೊದಲಿನ ಒಂದು ಸೆಕೆಂಡಿನವರೆಗಿನ ಫ್ರೇಮ್‌ಗಳನ್ನೂ ಉಳಿಸಿಕೊಡುತ್ತದೆ. ಬ್ಯಾಟು ತಾಗಿದ್ದನ್ನು ನೋಡಿ ಒತ್ತಿದರೂ ಈಗ ನಡೆಯುತ್ತದೆ. ಇದು ಮೋಸ ಎನ್ನುವ ಹಿರಿಯರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಬೆರಳಿನ ವೇಗದ ಮೇಲೆ ನಿಂತಿದ್ದ ಹೆಚ್ಚುಗಾರಿಕೆ ಹೋಗಿದೆ, ಹೋಗಲಿ. ಯಾವ ಬದಿಯಲ್ಲಿ ಕೂರಬೇಕು, ಯಾವಾಗ ಚೆಂಡಿನಿಂದ ಕಣ್ಣು ತೆಗೆದು ಡಗೌಟಿನತ್ತ ತಿರುಗಬೇಕು ಎಂಬುದನ್ನು ಆ ಕ್ಯಾಮೆರಾ ಹೇಳುವುದಿಲ್ಲ. 400 ಎಂಎಂ ಎಫ್ 2.8 ಲೆನ್ಸಿಗೆ ಸುಮಾರು 12,000 ಡಾಲರ್, ತೂಕ 3 ಕಿಲೋ ಹತ್ತಿರ. ಅದು ತಿರುಗಿದ ಕಡೆ ಮಾತ್ರ ನೋಡುತ್ತದೆ.

ಚಿತ್ರ ತೆಗೆದ ಮೇಲಿನ ಕೆಲಸದ ಬಗ್ಗೆ ಯಾರೂ ಕೇಳುವುದಿಲ್ಲ. ಶೀರ್ಷಿಕೆ ಬರೆಯುವುದು. ಯಾರು, ಯಾರ ವಿರುದ್ಧ, ಎಷ್ಟನೇ ಇನಿಂಗ್ಸ್, ಯಾವ ಊರು, ಯಾವ ದಿನ. ಇಷ್ಟಿಲ್ಲದ ಚಿತ್ರ ಸುದ್ದಿ ಸಂಸ್ಥೆಗೆ ಬೇಡ, ಮುಂದೆ ಹುಡುಕುವವರಿಗೂ ಸಿಗದು. ನಮ್ಮಲ್ಲಿ ಬಹಳ ಜನ ಬಳಸುವುದು ಫೋಟೊ ಮೆಕ್ಯಾನಿಕ್ ಎಂಬ ತಂತ್ರಾಂಶ. ಪಂದ್ಯಕ್ಕೆ ಮೊದಲು ಎರಡೂ ತಂಡಗಳ ಪಟ್ಟಿಯನ್ನು ಅದಕ್ಕೆ ಊಡಿಸುತ್ತೇವೆ. ಆಮೇಲೆ ತಂಡದ ಗುರುತಿನ ಅಕ್ಷರ, ಆಟಗಾರನ ನಂಬರು ಒತ್ತಿದರೆ ಪೂರ್ತಿ ಹೆಸರು, ತಂಡ ತಾನಾಗಿ ಬಂದು ಕೂರುತ್ತದೆ. ಮೊದಲ ಇನಿಂಗ್ಸ್ ಮುಗಿಯುವ ಹೊತ್ತಿಗೆ ಹೆಸರು ಸಮೇತ ಚಿತ್ರಗಳು ಸಂಪಾದಕರ ಮುಂದಿರುತ್ತವೆ.

ಏಪ್ರಿಲ್ 15 ಬಂತೆಂದರೆ ಈ ಉಪಾಯ ನಡೆಯುವುದಿಲ್ಲ. 1947ರ ಆ ದಿನ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಮೈದಾನಕ್ಕಿಳಿದು, ಮೇಜರ್ ಲೀಗ್‌ನಲ್ಲಿ ಕಪ್ಪು ಆಟಗಾರರಿಗೆ ಹಾಕಿದ್ದ ಬಾಗಿಲನ್ನು ತೆಗೆದರು. 1997ರಲ್ಲಿ ಅವರ 42ನೇ ನಂಬರನ್ನು ಎಲ್ಲ ತಂಡಗಳಲ್ಲೂ ನಿವೃತ್ತಗೊಳಿಸಲಾಯಿತು. ಈಗ ಪ್ರತಿ ವರ್ಷ ಆ ಒಂದು ದಿನ ಎಲ್ಲ ಆಟಗಾರರೂ 42 ಧರಿಸುತ್ತಾರೆ. ಮೈದಾನದಲ್ಲಿ ನೋಡಿದಲ್ಲೆಲ್ಲ 42. ಅವತ್ತು ನಿಮಗೆ ಆಟಗಾರರನ್ನು ಮುಖದಿಂದ, ನಡಿಗೆಯಿಂದ, ಕಾಲುಚೀಲ ಎಳೆದುಕೊಳ್ಳುವ ರೀತಿಯಿಂದ ಗುರುತಿಸಲು ಬರಬೇಕು. ಈ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟದ ದಿನ ಅದು. ಶೀರ್ಷಿಕೆ ಬರೆಯಲು ಎರಡರಷ್ಟು ಹೊತ್ತು ಹಿಡಿದರೂ ಸರಿ.

ಚಿತ್ರ ಸಾಕ್ಷಿಯೂ ಆಗುತ್ತದೆ. 2010ರ ಜೂನ್ 2, ಡೆಟ್ರಾಯಿಟ್. ಅರ್ಮಾಂಡೊ ಗಲರಾಗ ಕ್ಲೀವ್‌ಲ್ಯಾಂಡ್ ವಿರುದ್ಧ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದ. 27ನೆಯವನೂ ಔಟಾದರೆ ಪರ್ಫೆಕ್ಟ್ ಗೇಮ್, ಇಡೀ ಮೇಜರ್ ಲೀಗ್ ಇತಿಹಾಸದಲ್ಲಿ ಬೆರಳೆಣಿಕೆಯಷ್ಟು ಪಿಚರ್‌ಗಳಿಗೆ ದಕ್ಕಿದ್ದು. ಚೆಂಡು ನೆಲದ ಮೇಲೆ ಉರುಳಿತು, ಮಿಗೆಲ್ ಕಬ್ರೇರ ಹಿಡಿದು ಎಸೆದ, ಮೊದಲ ಬೇಸಿಗೆ ಓಡಿಬಂದ ಗಲರಾಗನೇ ಅದನ್ನು ಹಿಡಿದ. ಅಂಪೈರ್ ಜಿಮ್ ಜಾಯ್ಸ್ ನಾಟೌಟ್ ಎಂದರು. ಅಂದಿನ ಚಿತ್ರಗಳಲ್ಲಿ ಎಲ್ಲವೂ ಸ್ಪಷ್ಟ: ಚೆಂಡು ಗ್ಲೌಸಿನೊಳಗಿದೆ, ಗಲರಾಗನ ಕಾಲು ಬೇಸಿನ ಮೇಲಿದೆ, ಓಟಗಾರ ಜೇಸನ್ ಡೊನಾಲ್ಡ್ ಇನ್ನೂ ಹಿಂದಿದ್ದಾನೆ. ಪಂದ್ಯ ಮುಗಿದ ಮೇಲೆ ವಿಡಿಯೊ ನೋಡಿದ ಜಾಯ್ಸ್ ತಮ್ಮ ತಪ್ಪನ್ನು ಎಲ್ಲರೆದುರು ಒಪ್ಪಿಕೊಂಡರು. ಅಂಥ ತೀರ್ಪುಗಳನ್ನು ವಿಡಿಯೊದಲ್ಲಿ ಪರಿಶೀಲಿಸುವ ವ್ಯವಸ್ಥೆ 2014ರಲ್ಲಿ ಬಂತು.

ಆದರೆ ನಾನು ಮತ್ತೆ ಮತ್ತೆ ನೋಡುವುದು ಮರುದಿನದ ಚಿತ್ರಗಳನ್ನು. ಆಟ ಶುರುವಾಗುವ ಮೊದಲು ತಂಡದ ಪಟ್ಟಿಯನ್ನು ಅಂಪೈರ್‌ಗೆ ಕೊಡುವ ಪದ್ಧತಿ. ಆ ದಿನ ಅದನ್ನು ತಂದುಕೊಟ್ಟದ್ದು ಗಲರಾಗ. ಪಡೆದುಕೊಂಡ ಜಾಯ್ಸ್ ಕಣ್ಣೊರೆಸಿಕೊಂಡರು. ಪಟ್ಟಿ ಕೊಡುವುದು ಸಾಮಾನ್ಯ ದಿನಗಳಲ್ಲಿ ಯಾವ ಫೋಟೊಗ್ರಾಫರೂ ಕ್ಯಾಮೆರಾ ಎತ್ತದ ಗಳಿಗೆ.

ನಮ್ಮೂರಿಗೆ ಹತ್ತಿರದ ಮಾತು ಒಂದು. 2024ರ ಸೆಪ್ಟೆಂಬರ್ 26ರಂದು ಓಕ್‌ಲ್ಯಾಂಡ್ ಕೊಲಿಸಿಯಂನಲ್ಲಿ, ಊರು ಬಿಟ್ಟು ಹೊರಟಿದ್ದ ಎ'ಸ್ (ಅಥ್ಲೆಟಿಕ್ಸ್) ತಂಡದ ಕೊನೆಯ ಪಂದ್ಯ ನಡೆಯಿತು. 46,889 ಜನ. ಎ'ಸ್ 3–2ರಿಂದ ಗೆದ್ದರು. ಆ ಗೆಲುವಿನ ಚಿತ್ರ ಈಗ ಯಾರಿಗೂ ನೆನಪಿಲ್ಲ. ಉಳಿದಿರುವುದು ಮಣ್ಣನ್ನು ಡಬ್ಬಿಗೆ ತುಂಬಿಕೊಳ್ಳುವವರ ಕೈಗಳು, ಸೀಟು ಬಿಟ್ಟು ಏಳದ ಮುದುಕರು, ಮೈದಾನದ ನಡುವೆ ಮೈಕ್ ಹಿಡಿದ ಮ್ಯಾನೇಜರ್ ಮಾರ್ಕ್ ಕಾಟ್ಸೆ. ಪಂದ್ಯಕ್ಕೆ ಮೊದಲು ಸಾಂಪ್ರದಾಯಿಕ ಮೊದಲ ಎಸೆತಕ್ಕೆ ಡೇವ್ ಸ್ಟೂವರ್ಟ್ ಜೊತೆ ರಿಕಿ ಹೆಂಡರ್ಸನ್ ಬಂದಿದ್ದರು. ಓಕ್‌ಲ್ಯಾಂಡ್‌ನಲ್ಲೇ ಬೆಳೆದವರು, ಬೇಸ್ ಕದಿಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ, ಆ ಮೈದಾನಕ್ಕೆ ಅವರದೇ ಹೆಸರು. ಅದೇ ಡಿಸೆಂಬರ್ 20ಕ್ಕೆ ಅವರು ತೀರಿಕೊಂಡರು. ಎಸೆತದ ಹೊತ್ತಿಗೆ ಊಟದ ಸಾಲಿನಲ್ಲಿ ನಿಲ್ಲದೆ ಕ್ಯಾಮೆರಾ ಹಿಡಿದು ನಿಂತಿದ್ದವರ ಹತ್ತಿರ ಮಾತ್ರ ಆ ಚಿತ್ರವಿದೆ.

ಕೊಲಿಸಿಯಂನಲ್ಲಿ ಫೌಲ್ ಗೆರೆಯಾಚೆಗಿನ ಖಾಲಿ ಜಾಗ ಮೇಜರ್ ಲೀಗ್‌ನಲ್ಲೇ ಅತಿ ದೊಡ್ಡದಾಗಿತ್ತು, ನಮ್ಮ ಜಾಗದಿಂದ ಎಲ್ಲವೂ ದೂರ. 2025ರ ಜೂನ್‌ನಲ್ಲಿ ಅದೇ ಮೈದಾನಕ್ಕೆ ಮೇಜರ್ ಲೀಗ್ ಕ್ರಿಕೆಟ್ ಬಂತು. ನಿಮ್ಮಲ್ಲಿ ಹಲವರು ಅಲ್ಲಿಗೆ ಹೋಗಿರುತ್ತೀರಿ.

ಕೊನೆಗೆ ಸಭೆಯಲ್ಲಿ ಬಂದ ಎರಡು ಪ್ರಶ್ನೆ. ಹಿರಿಯರೊಬ್ಬರು, "ಇದರಲ್ಲಿ ಹೊಟ್ಟೆ ತುಂಬುತ್ತದೆಯೇ?" ಎಂದು ಕೇಳಿದರು. ತಂಡದ ಅಥವಾ ಸುದ್ದಿ ಸಂಸ್ಥೆಯ ಸಂಬಳದ ಕೆಲಸ ಸಿಕ್ಕವರಿಗೆ ತುಂಬುತ್ತದೆ, ಆದರೆ ಅಂಥ ಜಾಗಗಳು ಕಡಿಮೆ. ಉಳಿದವರು ಪಂದ್ಯಕ್ಕಿಷ್ಟು ಎಂದು ದುಡಿಯುತ್ತಾರೆ, ಚಳಿಗಾಲದಲ್ಲಿ ಮದುವೆ, ಶಾಲೆ, ಕಂಪನಿಗಳ ಕೆಲಸ ಮಾಡುತ್ತಾರೆ. ಕರಾರಿಗೆ ಸಹಿ ಹಾಕುವ ಮೊದಲು ಚಿತ್ರದ ಹಕ್ಕು ಯಾರದು ಎಂಬ ಸಾಲನ್ನು ಓದಲೇಬೇಕು. ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟರೆ, ಇಪ್ಪತ್ತು ವರ್ಷ ಕಳೆದು ಆ ಆಟಗಾರ ದೊಡ್ಡವನಾದಾಗ ನಿಮಗೆ ಬಿಡಿಗಾಸೂ ಬರುವುದಿಲ್ಲ.

ಕಾಲೇಜಿನ ಹುಡುಗಿಯೊಬ್ಬಳು, "ಪಾಸ್ ಇಲ್ಲ, ದೊಡ್ಡ ಲೆನ್ಸೂ ಇಲ್ಲ, ಎಲ್ಲಿಂದ ಶುರು ಮಾಡಲಿ ಸರ್?" ಎಂದಳು. ಸ್ಯಾನ್ ಹೋಸೆ ಜೈಂಟ್ಸ್ ಪಂದ್ಯಕ್ಕೆ ಹೋಗಮ್ಮ ಅಂದೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ ಕೆಳಹಂತದ ತಂಡ, 1942ರ ಚಿಕ್ಕ ಮೈದಾನ, ಮುಂದಿನ ಸಾಲಿನ ಟಿಕೆಟ್ಟೂ ಕೈಗೆಟುಕುತ್ತದೆ. ಕ್ಯಾಮೆರಾ ಒಳಗೆ ಬಿಡುತ್ತಾರಾ ಎಂದು ಮೊದಲೇ ಕೇಳಿಕೊ. 70–200 ಲೆನ್ಸ್ ಬಾಡಿಗೆಗೆ ಸಿಗುತ್ತದೆ, ಸಾಕು. ಎದುರಿಗೆ ಬಲೆ ಇದ್ದರೆ ಲೆನ್ಸನ್ನು ಬಲೆಗೆ ಆದಷ್ಟೂ ಹತ್ತಿರ ಹಿಡಿದು, ಅಪರ್ಚರ್ ಪೂರ್ತಿ ತೆರೆ, ಬಲೆ ಕಾಣುವುದೇ ಇಲ್ಲ. ಒಂದು ಪಂದ್ಯ ಪೂರ್ತಿ ಮೊದಲ ಬೇಸ್ ಕಡೆ ಕೂತು ನೋಡು, ಮುಂದಿನದನ್ನು ಮೂರನೇ ಬೇಸ್ ಕಡೆ. ಆಟಗಾರರ ಪಟ್ಟಿ ಇಟ್ಟುಕೊಂಡು, ತೆಗೆದ ಪ್ರತಿ ಚಿತ್ರಕ್ಕೂ ಅವತ್ತೇ ರಾತ್ರಿ ಹೆಸರು ಬರೆ. ಮಧ್ಯಾಹ್ನದ ಪಂದ್ಯಗಳು ಯಾವ ದಿನ ಎಂದು ನೋಡಿಕೊಂಡು ಅವಕ್ಕೇ ಹೋಗು.